ಕೇಬಲ್ ಕೊಳ್ಳುವ ಮೊದಲು ಎರಡೂ ಕಡೆ ನೋಡು

ಪುಟ್ಟಿ, ನಿನ್ನ ಶಾಲೆಗೆ ಊರಿನವರು ಸೇರಿ ದೊಡ್ಡ ಟಿವಿ ಕೊಡಿಸಿದ್ದಾರೆ, ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಮಕ್ಕಳಿಗೆ ಪಾಠ ತೋರಿಸಬೇಕು ಅಂತಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಕೇಳಿ ತುಂಬ ಸಂತೋಷವಾಯಿತು. ಯಾವ ವೈರ್ ತರಬೇಕು ಅಂತ ದೊಡ್ಡಪ್ಪನನ್ನು ಕೇಳು ಅಂದೆಯಂತೆ. ‘ಎಚ್‌ಡಿಎಂಐ ತಗೊಳ್ಳಮ್ಮ’ ಅಂತ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು, ಬಹುಪಾಲು ಅದೇ ಸರಿಯಾದ ಉತ್ತರವೂ ಹೌದು. ಆದರೆ ಊರಿನಲ್ಲಿ ಇಂಥ ಕೆಲಸ ಒಂದು ಸಲ ಮಾಡಿದವರನ್ನೇ ಮತ್ತೆ ಮತ್ತೆ ಕರೆಯುತ್ತಾರೆ. ನಾಳೆ ಪಕ್ಕದ ಶಾಲೆಯವರು ಕರೆಯುತ್ತಾರೆ, ಪಂಚಾಯಿತಿ ಕಚೇರಿಯವರು ಕರೆಯುತ್ತಾರೆ, ಮದುವೆ ಮನೆಯವರೂ ಕರೆಯುತ್ತಾರೆ. ಆಗ ಕೈಕಟ್ಟಿ ನಿಲ್ಲಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಟಿವಿ ರಿಪೇರಿ ಮಾಡುತ್ತಲೇ ನನ್ನ ಆಯುಷ್ಯ ಕಳೆದಿದೆ. ‘ಕೇಬಲ್ ಹಾಳಾಗಿದೆ ನೋಡಿ’ ಅಂತ ಅಂಗಡಿಗೆ ತಂದುಕೊಡುವವರಲ್ಲಿ ಹೆಚ್ಚಿನವರ ಕೇಬಲ್ ಹಾಳಾಗಿರುವುದೇ ಇಲ್ಲ. ಅವರ ಲ್ಯಾಪ್‌ಟಾಪಿಗೂ ಟಿವಿಗೂ ಹೊಂದದ ಕೇಬಲ್ ತಂದಿರುತ್ತಾರೆ, ಅಷ್ಟೆ. ಆದ್ದರಿಂದ ನನ್ನ ಮೊದಲ ಮಾತು ಇದು: ಅಂಗಡಿಗೆ ಹೋಗುವ ಮೊದಲು ಲ್ಯಾಪ್‌ಟಾಪಿನ ಎರಡೂ ಪಕ್ಕ, ಟಿವಿಯ ಹಿಂಭಾಗ ಸರಿಯಾಗಿ ನೋಡು. ಫೋನಿನಲ್ಲಿ ಫೋಟೋ ತೆಗೆದುಕೋ, ಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ಸಣ್ಣ ಅಕ್ಷರವೂ ಕಾಣುವ ಹಾಗೆ. ಆ ಫೋಟೋ ಮುಂದಿಟ್ಟರೆ ಅಂಗಡಿಯ ಹುಡುಗನಿಗೂ ಗೊಂದಲವಿಲ್ಲ, ನಿನಗೂ ಎರಡನೇ ಓಡಾಟವಿಲ್ಲ.

ಎಚ್‌ಡಿಎಂಐ ಪೋರ್ಟನ್ನು ಗುರುತಿಸುವುದು ಸುಲಭ. ಚಪ್ಪಟೆಯಾಗಿ, ಕೆಳಗಿನ ಎರಡೂ ಮೂಲೆ ಓರೆಯಾಗಿ ಒಳಸರಿದಿರುತ್ತದೆ. ಒಳಗಿನ ನಾಲಿಗೆಯ ಮೇಲೆ 19 ಸಣ್ಣ ತಗಡುಗಳಿರುತ್ತವೆ. ಕೆಲವು ಕಚೇರಿ ಲ್ಯಾಪ್‌ಟಾಪುಗಳಲ್ಲಿ ಹೆಚ್ಚುಕಡಿಮೆ ಅದೇ ಅಳತೆಯ ಇನ್ನೊಂದು ಪೋರ್ಟ್ ಇರುತ್ತದೆ, ಅದರ ಒಂದೇ ಮೂಲೆ ಕತ್ತರಿಸಿದಂತಿರುತ್ತದೆ. ಅದು ಡಿಸ್‌ಪ್ಲೇಪೋರ್ಟ್. ಎರಡನ್ನೂ ಒಂದೇ ಅಂದುಕೊಂಡು ಜೋರಾಗಿ ಒತ್ತಿ ಪೋರ್ಟ್ ಮುರಿದುಕೊಂಡವರನ್ನು ಕಂಡಿದ್ದೇನೆ. ಸರಿಯಾದ ಪಿನ್ ಆದರೆ ಬೆರಳಿನ ಸಣ್ಣ ಒತ್ತಿಗೇ ಒಳಗೆ ಹೋಗುತ್ತದೆ. ಹೋಗದಿದ್ದರೆ ನಿಲ್ಲಿಸು, ತಿರುಗಿಸಿ ನೋಡು, ಅಲ್ಲಿ ಬಲ ಬೇಡ.

ಲ್ಯಾಪ್‌ಟಾಪ್ ಹಳೆಯದಾದರೆ ಸಾಮಾನ್ಯವಾಗಿ ನೀಲಿ ಬಣ್ಣದ, ಮೂರು ಸಾಲಿನಲ್ಲಿ 15 ತೂತುಗಳಿರುವ, ಎರಡು ಬದಿಗೂ ಸ್ಕ್ರೂ ಇರುವ ವಿಜಿಎ ಪೋರ್ಟ್ ಕಾಣಬಹುದು. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರ್ ಜೊತೆಗೆ ತಂದದ್ದು ಅದು. ಅದರಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಟಿವಿಯಲ್ಲೂ ವಿಜಿಎ ಇದ್ದರೆ ಅದೇ ಕೇಬಲ್ ಹಾಕಿ, ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕಿನಿಂದ ಟಿವಿಯ ಆಡಿಯೋ ಇನ್ನಿಗೆ ಬೇರೆ ವೈರ್ ಎಳೆಯಬೇಕು. ಇಂಟೆಲ್, ಎಎಂಡಿ ಮತ್ತೆ ಕೆಲವು ದೊಡ್ಡ ಕಂಪನಿಗಳು 2010ರಲ್ಲೇ ವಿಜಿಎಯನ್ನು ಕೈಬಿಡುತ್ತೇವೆಂದು ಹೇಳಿದ್ದವು, ಹಾಗಾಗಿ ಹೊಸ ಟಿವಿಗಳಲ್ಲಿ ಅದನ್ನು ಹುಡುಕಬೇಡ. ಆದರೆ ಯಾರಾದರೂ ದಾನ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಅದೊಂದೇ ಇರುವುದುಂಟು.

ಈಗ ನಿಜವಾಗಿ ತಲೆ ತಿನ್ನುವುದು ಟೈಪ್-ಸಿ. ಇದನ್ನು ಸ್ವಲ್ಪ ನಿಧಾನವಾಗಿ ಓದು. ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಇಲ್ಲದೆ ಬರೀ ಟೈಪ್-ಸಿ ಇರುತ್ತದೆ. ಮ್ಯಾಕ್‌ಬುಕ್ ಏರ್ ಅಂಥದ್ದು. ಹೊರಗಿನಿಂದ ಎಲ್ಲ ಟೈಪ್-ಸಿ ಪೋರ್ಟೂ ಒಂದೇ ರೂಪ, ಒಳಗಿನ ಸಾಮರ್ಥ್ಯ ಬೇರೆ ಬೇರೆ. ಒಂದು ಪೋರ್ಟ್ ಚಾರ್ಜ್ ಮಾಡಲು, ಫೈಲ್ ಕಳಿಸಲು ಮಾತ್ರ ಆಗುತ್ತದೆ. ಇನ್ನೊಂದರಲ್ಲಿ ಅದರ ಜೊತೆಗೆ ಚಿತ್ರವೂ ಬರುತ್ತದೆ. ಚಿತ್ರ ಬರುವ ಪೋರ್ಟಿನ ಪಕ್ಕದಲ್ಲಿ ಸಾಮಾನ್ಯವಾಗಿ ಡಿಸ್‌ಪ್ಲೇಪೋರ್ಟಿನ ಗುರುತಾದ ಡಿ, ಪಿ ಅಕ್ಷರಗಳು ಬೆಸೆದಂತಿರುವ ಚಿಹ್ನೆಯೋ ಥಂಡರ್‌ಬೋಲ್ಟಿನ ಮಿಂಚಿನ ಚಿಹ್ನೆಯೋ ಇರುತ್ತದೆ. ಕೆಲವು ಕಂಪನಿಗಳು ಯಾವ ಗುರುತನ್ನೂ ಹಾಕುವುದಿಲ್ಲ. ಆಗ ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ನೋಡಿಕೊಂಡು ಕಂಪನಿಯ ಕೈಪಿಡಿಯಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಂತ ಇದೆಯೇ ಎಂದು ಓದಬೇಕು. ಆ ಮಾತು ಇಲ್ಲದಿದ್ದರೆ ಟೈಪ್-ಸಿಯಿಂದ ಎಚ್‌ಡಿಎಂಐ ಕೇಬಲ್ ಎಷ್ಟು ಬೆಲೆಯದು ತಂದರೂ ಟಿವಿ ಕಪ್ಪಾಗಿಯೇ ಇರುತ್ತದೆ.

ಇನ್ನೊಂದು ವಿಷಯ. ಫೋನ್ ಚಾರ್ಜರ್ ಜೊತೆ ಬರುವ ಟೈಪ್-ಸಿ ಕೇಬಲ್ ನೋಡಲು ಗಟ್ಟಿಯಾಗಿರುತ್ತದೆ, ಆದರೆ ಅಂಥವುಗಳಲ್ಲಿ ಹೆಚ್ಚಿನದರಲ್ಲಿ ಚಿತ್ರ ಸಾಗಿಸುವ ವೇಗದ ತಂತಿಗಳೇ ಇರುವುದಿಲ್ಲ. ಹಾಗೆಯೇ ಟಿವಿಯ ಹಿಂದಿರುವ ಯುಎಸ್‌ಬಿ ಪೋರ್ಟ್ ಇರುವುದು ಪೆನ್‌ಡ್ರೈವಿಗೆ. ಲ್ಯಾಪ್‌ಟಾಪಿನಿಂದ ಅಲ್ಲಿಗೆ ಯುಎಸ್‌ಬಿ ಕೇಬಲ್ ಎಳೆದರೆ ಲ್ಯಾಪ್‌ಟಾಪಿನ ಪರದೆ ಟಿವಿಯಲ್ಲಿ ಬರುವುದಿಲ್ಲ. ಒಂದು ತುದಿ ಹಳೆಯ ಅಗಲದ ಯುಎಸ್‌ಬಿ, ಇನ್ನೊಂದು ತುದಿ ಎಚ್‌ಡಿಎಂಐ, ನಡುವೆ ಯಾವ ಡಬ್ಬಿಯೂ ಇಲ್ಲದ ಅಗ್ಗದ ವೈರುಗಳು ಮಾರುಕಟ್ಟೆಯಲ್ಲಿವೆ. ದುಡ್ಡು ದಂಡ, ಮುಟ್ಟಬೇಡ.

ತುದಿಗಳು ಹೊಂದಿದರೆ ಸಾಲದು, ಚಿತ್ರ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂಬುದೂ ಮುಖ್ಯ. ಅದಕ್ಕೇ ದಿಕ್ಕಿನ ವಿಷಯ ಹೇಳುತ್ತೇನೆ. ನಾನು ನಿನಗೆ ಕಲಿಸಬೇಕೆಂದಿರುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಲ್ಯಾಪ್‌ಟಾಪಿನ ಪೋರ್ಟ್ ಚಿತ್ರ ಕೊಡುತ್ತದೆ, ಟಿವಿಯ ಪೋರ್ಟ್ ತೆಗೆದುಕೊಳ್ಳುತ್ತದೆ. ಎರಡು ಕಡೆಯೂ ಒಂದೇ ಜಾತಿಯ ಪೋರ್ಟ್ ಇದ್ದರೆ ಸಾಮಾನ್ಯ ಕೇಬಲನ್ನು ಹೇಗೆ ಹಾಕಿದರೂ ನಡೆಯುತ್ತದೆ. ಜಾತಿ ಬೇರೆಯಾದ ಕೂಡಲೇ ನಡುವೆ ಕನ್ವರ್ಟರ್ ಬರುತ್ತದೆ, ಕನ್ವರ್ಟರ್ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಎಚ್‌ಡಿಎಂಐಯಿಂದ ವಿಜಿಎ ಮಾಡುವ ಡಬ್ಬಿಯೂ ವಿಜಿಎಯಿಂದ ಎಚ್‌ಡಿಎಂಐ ಮಾಡುವ ಡಬ್ಬಿಯೂ ಪಕ್ಕಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹಳೆಯ ಲ್ಯಾಪ್‌ಟಾಪಿನ ವಿಜಿಎಯನ್ನು ಹೊಸ ಟಿವಿಗೆ ಕೊಡಬೇಕಾದರೆ ನಿನಗೆ ಬೇಕಾದದ್ದು ಎರಡನೆಯದು. ಅಂಗಡಿಯಲ್ಲಿ ‘ವಿಜಿಎ ಎಚ್‌ಡಿಎಂಐ ಕನ್ವರ್ಟರ್ ಕೊಡಿ’ ಎಂದಷ್ಟೇ ಕೇಳಿದರೆ ಯಾವುದು ಸಿಗುತ್ತದೋ ಅದನ್ನು ಕೊಡುತ್ತಾರೆ. ‘ಲ್ಯಾಪ್‌ಟಾಪಿನಲ್ಲಿ ವಿಜಿಎ ಇದೆ, ಟಿವಿಯಲ್ಲಿ ಎಚ್‌ಡಿಎಂಐ ಇದೆ’ ಅಂತ ಬಿಡಿಸಿ ಹೇಳು. ಡಬ್ಬಿಯ ಮೇಲೆ ಯಾವ ಕಡೆ ಇನ್‌ಪುಟ್, ಯಾವ ಕಡೆ ಔಟ್‌ಪುಟ್ ಎಂದು ಬರೆದಿರುತ್ತದೆ, ಅದನ್ನು ಅಲ್ಲೇ ಓದಿ ದುಡ್ಡು ಕೊಡು. ಈ ಡಬ್ಬಿ ಓಡಲು ಕರೆಂಟೂ ಬೇಕು, ಸಾಮಾನ್ಯವಾಗಿ ಒಂದು ಯುಎಸ್‌ಬಿ ಬಾಲ ಇರುತ್ತದೆ, ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಲು ಮರೆಯಬೇಡ. ಧ್ವನಿಗೆ ಬೇರೆ ಸಣ್ಣ ವೈರೂ ಇರುತ್ತದೆ.

ಡಿಸ್‌ಪ್ಲೇಪೋರ್ಟಿನದೂ ಹೀಗೆಯೇ. ಲ್ಯಾಪ್‌ಟಾಪಿನ ಡಿಸ್‌ಪ್ಲೇಪೋರ್ಟಿನಿಂದ ಟಿವಿಯ ಎಚ್‌ಡಿಎಂಐಗೆ ಹೋಗುವುದು ಸುಲಭ, ಸಾಧಾರಣ ಬೆಲೆಯ ಕೇಬಲ್ ಸಾಕು. ಅದೇ ಕೇಬಲನ್ನು ತಿರುಗಿಸಿ ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರಿಗೆ ಹಾಕಿದರೆ ಏನೂ ಬರುವುದಿಲ್ಲ. ಎರಡು ಲ್ಯಾಪ್‌ಟಾಪುಗಳ ನಡುವೆ ಎಚ್‌ಡಿಎಂಐ ಎಳೆದು ಒಂದರದ್ದು ಇನ್ನೊಂದರಲ್ಲಿ ಕಾಣಲೆಂದು ಕಾಯುವವರೂ ಇದ್ದಾರೆ. ಎರಡೂ ಕೊಡುವ ಪೋರ್ಟುಗಳು, ತೆಗೆದುಕೊಳ್ಳುವುದು ಯಾವುದೂ ಇಲ್ಲ.

ಯಾವುದಾದರೂ ಅಂಗನವಾಡಿಯಲ್ಲಿ ಹಳೆಯ ಡುಬ್ಬದ ಟಿವಿ ಇನ್ನೂ ಇದ್ದರೆ, ಅದರಲ್ಲಿ ಹಳದಿ, ಬಿಳಿ, ಕೆಂಪು ಮೂರು ತೂತುಗಳು ಮಾತ್ರ ಇರುತ್ತವೆ. ಅವಕ್ಕೆ ಎವಿ ಅನ್ನುತ್ತಾರೆ, ಎಚ್‌ಡಿಎಂಐಯನ್ನು ಎವಿಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಮಕ್ಕಳ ಹಾಡು, ಕಥೆ ತೋರಿಸಲು ಅಡ್ಡಿಯಿಲ್ಲ, ಚಿತ್ರವೆಲ್ಲ ಹಳದಿ ವೈರೊಂದರಲ್ಲೇ ಹೋಗಬೇಕಾದ್ದರಿಂದ ಸಣ್ಣ ಅಕ್ಷರ ಮಾತ್ರ ಓದಲಾಗುವುದಿಲ್ಲ. ಅದಕ್ಕೆ ಕನ್ವರ್ಟರನ್ನು ದೂರಬೇಡ, ಆ ಟಿವಿಯ ಶಕ್ತಿಯೇ ಅಷ್ಟು.

ಇನ್ನು ಎಚ್‌ಡಿಎಂಐ ಕೇಬಲಿನ ದರ್ಜೆ. ಹಿಟಾಚಿ, ಪ್ಯಾನಾಸೋನಿಕ್, ಫಿಲಿಪ್ಸ್, ಸೋನಿ, ತೋಷಿಬಾ, ಥಾಮ್ಸನ್, ಸಿಲಿಕಾನ್ ಇಮೇಜ್ ಕಂಪನಿಗಳು ಕೂಡಿ 2002ರಲ್ಲಿ ಇದರ ಮೊದಲ ನಿಯಮಾವಳಿ ತಂದವು. ಅಲ್ಲಿಂದ 1.4, 2.0, 2.1 ಅಂತ ಬೆಳೆಯುತ್ತ ಬಂತು. ಅಂಗಡಿಯಲ್ಲಿ ‘2.0 ಕೇಬಲ್’, ‘2.1 ಕೇಬಲ್’ ಅನ್ನುತ್ತಾರೆ. ಆ ಅಂಕಿ ನಿಜವಾಗಿ ಟಿವಿ, ಲ್ಯಾಪ್‌ಟಾಪುಗಳಿಗೆ ಸೇರಿದ್ದು. ಕೇಬಲಿಗೆ ಇರುವ ಹೆಸರು ಬೇರೆ: ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್. ಸೆಕೆಂಡಿಗೆ ಕ್ರಮವಾಗಿ 10.2, 18, 48 ಗಿಗಾಬಿಟ್ ಅವುಗಳ ಮಿತಿ.

ಲೆಕ್ಕ ಹಾಕಿ ನೋಡು, ನೀನು ಗಣಿತದ ಟೀಚರ್. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ, ಒಟ್ಟು 20,73,600. ಒಂದೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸುಮಾರು 3 ಗಿಗಾಬಿಟ್. ಜೊತೆಗೆ ಹೋಗುವ ಹೆಚ್ಚುವರಿ ಸಂಕೇತಗಳೆಲ್ಲ ಸೇರಿದರೂ ನಾಲ್ಕೂವರೆ ದಾಟುವುದಿಲ್ಲ. ಅಂದರೆ ಫುಲ್ ಎಚ್‌ಡಿಗೆ ಸಾಧಾರಣ ಹೈ ಸ್ಪೀಡ್ ಕೇಬಲ್ ಧಾರಾಳ ಸಾಕು. 4ಕೆ ಟಿವಿಯಲ್ಲಿ ಚುಕ್ಕಿಗಳು ಇದರ ನಾಲ್ಕು ಪಟ್ಟು, ಸೆಕೆಂಡಿಗೆ 60 ಚಿತ್ರ ಬೇಕಾದರೆ 18 ಗಿಗಾಬಿಟ್‌ನ ಪ್ರೀಮಿಯಂ ತೆಗೆದುಕೋ. ಅಲ್ಟ್ರಾ ಬೇಕಾಗುವುದು 8ಕೆ ಟಿವಿ ಇದ್ದವರಿಗೆ, 4ಕೆಯಲ್ಲಿ ಸೆಕೆಂಡಿಗೆ 120 ಚಿತ್ರದ ಆಟ ಆಡುವವರಿಗೆ. ಪ್ರೀಮಿಯಂ, ಅಲ್ಟ್ರಾ ಪೊಟ್ಟಣದ ಮೇಲೆ ಫೋನಿನಿಂದ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ನೋಡುವ ಲೇಬಲ್ ಇರುತ್ತದೆ. ಶಾಲೆಯ ದುಡ್ಡು ಖರ್ಚು ಮಾಡುವಾಗ ಆ ಒಂದು ನಿಮಿಷ ಉಳಿಸಬೇಡ.

ಚಿನ್ನದ ಲೇಪನ ಇರುವ ಪಿನ್ನಿಂದ ಚಿತ್ರ ಚೆನ್ನಾಗಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಲೇಪನದಿಂದ ಪಿನ್ನಿಗೆ ತುಕ್ಕು ಹಿಡಿಯುವುದು ತಪ್ಪುತ್ತದೆ, ನಮ್ಮ ಮಳೆ ಸೀಮೆಗೆ ಅದು ಒಳ್ಳೆಯದೇ. ಆದರೆ ಇಲ್ಲಿ ಹೋಗುವುದು ಸೊನ್ನೆ-ಒಂದರ ಸಂಕೇತ. ಸಂಕೇತ ಸರಿಯಾಗಿ ತಲುಪಿದರೆ ಅಗ್ಗದ ಕೇಬಲಿನಲ್ಲೂ ದುಬಾರಿ ಕೇಬಲಿನಲ್ಲೂ ಚಿತ್ರ ಒಂದೇ. ತಲುಪದಿದ್ದರೆ ಬಿಳಿ ಚುಕ್ಕಿಗಳು ಮಿನುಗುತ್ತವೆ, ಇಲ್ಲವೇ ಪರದೆ ಆಗಾಗ ಕಪ್ಪಾಗಿ ಮತ್ತೆ ಬರುತ್ತದೆ. ಹಾಗಾಗುವುದು ಹೆಚ್ಚಾಗಿ ಉದ್ದದಿಂದ. ಐದು ಮೀಟರಿನೊಳಗೆ ಇರುವಂತೆ ನೋಡಿಕೋ. ತರಗತಿಯ ಆ ಗೋಡೆಯಿಂದ ಈ ಗೋಡೆಗೆ ಹತ್ತು ಹದಿನೈದು ಮೀಟರ್ ಎಳೆಯಲೇಬೇಕಾದರೆ ಒಳಗೆ ಗಾಜಿನ ಎಳೆ ಇರುವ ಆಪ್ಟಿಕಲ್ ಕೇಬಲ್ ಸಿಗುತ್ತದೆ. ಅದಕ್ಕೆ ಮಾತ್ರ ದಿಕ್ಕಿದೆ. ‘ಸೋರ್ಸ್’ ಎಂದು ಬರೆದ ತುದಿ ಲ್ಯಾಪ್‌ಟಾಪಿಗೆ, ‘ಡಿಸ್‌ಪ್ಲೇ’ ಎಂದು ಬರೆದದ್ದು ಟಿವಿಗೆ. ಗೋಡೆಯೊಳಗೆ ಕೂರಿಸುವ ಮೊದಲು ನೆಲದ ಮೇಲೆ ಹರಡಿಯೇ ಒಮ್ಮೆ ಪರೀಕ್ಷಿಸಬೇಕು.

ಜೋಡಿಸುವಾಗಿನ ಎಚ್ಚರಿಕೆ ಹೇಳದೆ ಈ ಕಾಗದ ಮುಗಿಸಲಾರೆ. ನನ್ನ ಬಳಿ ರಿಪೇರಿಗೆ ಬರುವ ಎಚ್‌ಡಿಎಂಐ ಪೋರ್ಟುಗಳು ಎರಡು ಕಾರಣದಿಂದ ಸತ್ತಿರುತ್ತವೆ. ಒಂದು, ಎಳೆತ. ಪೋರ್ಟಿನ 19 ಕಾಲುಗಳು ಬೋರ್ಡಿನ ಮೇಲೆ ಅರ್ಧ ಮಿಲಿಮೀಟರ್ ಅಂತರದಲ್ಲಿ ಬೆಸುಗೆಯಾಗಿರುತ್ತವೆ. ಭೂತಗನ್ನಡಿ ಇಟ್ಟು ನೋಡಿದರೆ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಗೋಡೆಯ ಟಿವಿಯಿಂದ ಕೇಬಲ್ ನೇತಾಡಿ, ಅದರ ಭಾರ ದಿನವೂ ಕೆಳಗೆ ಜಗ್ಗಿ ಆದದ್ದು ಅದು. ಟಿವಿಯ ಬ್ರಾಕೆಟಿಗೆ ಕೇಬಲನ್ನು ಸಡಿಲವಾಗಿ ಒಂದು ಕಟ್ಟು ಕಟ್ಟಿಬಿಡು, ಭಾರ ಪೋರ್ಟಿನ ಮೇಲೆ ಬೀಳುವುದಿಲ್ಲ. ಮಕ್ಕಳು ಓಡಾಡುವ ದಾರಿಗೆ ಅಡ್ಡವಾಗಿ ಎಂದೂ ಎಳೆಯಬೇಡ.

ಎರಡನೆಯ ಕಾರಣ ಕರೆಂಟು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಅದರ ಲೋಹದ ಮೈ ಮುಟ್ಟಿದಾಗ ಕೈ ಜುಂ ಅಂದದ್ದು ನಿನಗೆ ಗೊತ್ತಿರಬಹುದು. ಅರ್ಥ್ ಸರಿಯಿಲ್ಲದ ಕಡೆ ಟಿವಿಯಲ್ಲೂ ಹೀಗೆಯೇ ಸಣ್ಣ ಸೋರಿಕೆ ಇರುತ್ತದೆ, ಕೇಬಲ್ ಟಿವಿಯ ದುಂಡು ವೈರ್ ಸಿಕ್ಕಿಸಿದ್ದರೆ ಆ ಕಡೆಯಿಂದಲೂ ಬರಬಹುದು. ಎರಡೂ ಆನ್ ಇರುವಾಗ ಎಚ್‌ಡಿಎಂಐ ಚುಚ್ಚಿದರೆ ಆ ವ್ಯತ್ಯಾಸವೆಲ್ಲ ಒಂದು ಕಿಡಿಯಾಗಿ ಪೋರ್ಟಿನ ಚಿಪ್ ಮೇಲೆ ಹರಿಯುತ್ತದೆ. ಆದ್ದರಿಂದ ಟಿವಿ, ಚಾರ್ಜರ್ ಎರಡನ್ನೂ ಅರ್ಥ್ ಇರುವ ಮೂರು ಪಿನ್ನಿನ ಒಂದೇ ಬೋರ್ಡಿಗೆ ಹಾಕು. ಸ್ವಿಚ್ ಆಫ್ ಇರುವಾಗಲೇ ಎಚ್‌ಡಿಎಂಐ ಜೋಡಿಸು, ಆಮೇಲೆ ಸ್ವಿಚ್ ಹಾಕು. ಶಾಲೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ನೋಡಿಸು. ಟಿವಿಗಿಂತ ಮಕ್ಕಳ ಸಲುವಾಗಿ ಹೇಳುತ್ತಿದ್ದೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ದಿನಗಳಲ್ಲಿ ಸಂಜೆ ಶಾಲೆ ಬಿಡುವಾಗ ಪ್ಲಗ್, ಡಿಶ್ ವೈರ್, ಎಚ್‌ಡಿಎಂಐ ಮೂರನ್ನೂ ಬಿಚ್ಚಿಟ್ಟು ಹೋಗು. ರಜೆಗೆ ಮುಂಚೆಯಂತೂ ಖಂಡಿತ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿಗೆ ಸ್ವಿಚ್ಚು ಅಡ್ಡಿಯಲ್ಲ. ಮೋಡ ಗುಡುಗಲು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡ.

ಕೇಬಲ್ ಹಾಕಿಯೂ ‘ನೋ ಸಿಗ್ನಲ್’ ಅಂತ ಬಂದರೆ ಗಾಬರಿ ಬೇಡ. ಟಿವಿಯಲ್ಲಿ ಎಚ್‌ಡಿಎಂಐ 1, 2, 3 ಅಂತ ಇರುತ್ತವೆ, ನೀನು ಹಾಕಿದ್ದು ಯಾವುದೋ ಅದನ್ನೇ ರಿಮೋಟಿನ ಸೋರ್ಸ್ ಅಥವಾ ಇನ್‌ಪುಟ್ ಬಟನ್ನಿನಿಂದ ಆರಿಸಬೇಕು. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಒತ್ತಿ ಹಿಡಿದು ಪಿ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಪಾಠಕ್ಕೆ ಡುಪ್ಲಿಕೇಟ್ ಸಾಕು, ಎರಡೂ ಪರದೆಯಲ್ಲಿ ಒಂದೇ ಕಾಣುತ್ತದೆ. ಅಭ್ಯಾಸವಾದ ಮೇಲೆ ಎಕ್ಸ್‌ಟೆಂಡ್ ಕಲಿ. ಮಕ್ಕಳಿಗೆ ಟಿವಿಯಲ್ಲಿ ಪ್ರಶ್ನೆ ತೋರಿಸುತ್ತ ನಿನ್ನ ಮುಂದೆ ಉತ್ತರ ಇಟ್ಟುಕೊಳ್ಳಬಹುದು.

ಚಿತ್ರ ಬಂದು ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿದರೆ, ಕೆಳಗಿನ ಮೂಲೆಯ ಸ್ಪೀಕರ್ ಗುರುತನ್ನು ಒತ್ತಿ ಟಿವಿಯ ಹೆಸರನ್ನು ಆರಿಸು. ಆ ಹೆಸರನ್ನು ಟಿವಿಯೇ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ತಿಳಿಸಿರುತ್ತದೆ. ಪರದೆಯ ಅಂಚು ಕತ್ತರಿಸಿದಂತೆ ಕಂಡರೆ, ಕೆಳಗಿನ ಪಟ್ಟಿ ಮಾಯವಾದರೆ, ದೋಷ ಕೇಬಲಿನದಲ್ಲ. ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಂತ ಏನಾದರೊಂದು ಇರುತ್ತದೆ, ಅದನ್ನು ಹಾಕು. 4ಕೆ ಟಿವಿಯಲ್ಲಿ ಮೌಸ್ ಎಳೆದೆಳೆದು ಚಲಿಸಿದರೆ ಸೆಕೆಂಡಿಗೆ 30 ಚಿತ್ರವೇ ಬರುತ್ತಿದೆ ಅಂತ ತಿಳಿ. ಎಷ್ಟೋ ಟಿವಿಗಳಲ್ಲಿ ಆ ಎಚ್‌ಡಿಎಂಐಗೆ ‘ಎನ್‌ಹ್ಯಾನ್ಸ್ಡ್’ ಅಥವಾ ‘ಡೀಪ್ ಕಲರ್’ ಆನ್ ಮಾಡಿದ ಮೇಲಷ್ಟೇ 60 ಬರುತ್ತದೆ. ಲ್ಯಾಪ್‌ಟಾಪ್ ತೀರ ಹಳೆಯದಾದರೆ 30ಕ್ಕಿಂತ ಹೆಚ್ಚು ಕೊಡಲು ಅದಕ್ಕೇ ಆಗುವುದಿಲ್ಲ, ಆಗ ಫುಲ್ ಎಚ್‌ಡಿಗೆ ಇಳಿಸಿಕೊಂಡರೆ ಎಲ್ಲ ಸರಾಗ. ಹಿಂದಿನ ಬೆಂಚಿನ ಮಗುವಿಗೆ ಅಕ್ಷರ ದೊಡ್ಡದಾಗಿ ಕಾಣುವುದೇ ಮುಖ್ಯ, 4ಕೆ ಅಲ್ಲ.

ಸಿನಿಮಾ ಆ್ಯಪುಗಳ ಚಿತ್ರ ಮಾತ್ರ ಕಪ್ಪಾಗಿ ಉಳಿದೆಲ್ಲ ಸರಿಯಾಗಿ ಕಂಡರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆಯುವ ಬೀಗ. ವಿಜಿಎ ಕನ್ವರ್ಟರ್ ಹಾಕಿದಾಗ ಹೀಗಾಗುತ್ತದೆ, ನೇರ ಎಚ್‌ಡಿಎಂಐ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವೈರಿಲ್ಲದೆ ವೈಫೈಯಲ್ಲೂ ಟಿವಿಗೆ ಚಿತ್ರ ಕಳಿಸಬಹುದು, ಆದರೆ ಮಕ್ಕಳು ಕಾದು ಕೂತಿರುವಾಗ ನೆಚ್ಚಬೇಕಾದದ್ದು ಕೇಬಲನ್ನೇ. ಬರೀ ವಿಡಿಯೋ ತೋರಿಸುವುದಾದರೆ ಲ್ಯಾಪ್‌ಟಾಪೂ ಬೇಡ, ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚು, ಸಾಕು.

ಕೊನೆಯದಾಗಿ ಒಂದು ಕೇಳಿಕೊಳ್ಳುತ್ತೇನೆ ಮಗಳೇ. ಇದನ್ನೆಲ್ಲ ನೀನೊಬ್ಬಳೇ ಇಟ್ಟುಕೊಳ್ಳಬೇಡ. ಎಷ್ಟೋ ಶಾಲೆಗಳಲ್ಲಿ ಗೊತ್ತಿದ್ದ ಒಬ್ಬ ಮೇಷ್ಟ್ರು ವರ್ಗವಾದ ಮೇಲೆ ಟಿವಿಗೆ ಬಟ್ಟೆ ಹೊದಿಸಿಟ್ಟದ್ದನ್ನು ನೋಡಿದ್ದೇನೆ. ಯಾವ ಎಚ್‌ಡಿಎಂಐಗೆ ಹಾಕಿದೆ, ರಿಮೋಟಿನಲ್ಲಿ ಏನು ಒತ್ತಬೇಕು ಎಂದು ಕನ್ನಡದಲ್ಲಿ ಬರೆದು ಟಿವಿಯ ಪಕ್ಕದ ಗೋಡೆಗೆ ಅಂಟಿಸು. ಹೆಡ್‌ಮಿಸ್ಸಿಗೂ, ಏಳನೇ ಕ್ಲಾಸಿನ ಇಬ್ಬರು ಹುಡುಗಿಯರಿಗೂ ಜೋಡಿಸಿ ಬಿಚ್ಚುವುದನ್ನು ಕಲಿಸು, ನೀನು ರಜೆ ಹಾಕಿದ ದಿನವೂ ಪಾಠ ನಡೆಯಲಿ.